ಮದ್ರಾಸಿನಿಂದ ಮನೆಗೆ ದುಡ್ಡು

1956ರ ನವೆಂಬರ್‌ವರೆಗೆ ದಕ್ಷಿಣ ಕನ್ನಡದವರಿಗೆ ಮದ್ರಾಸು ಪರರಾಜ್ಯವಾಗಿರಲಿಲ್ಲ, ತಮ್ಮದೇ ರಾಜಧಾನಿ. ಕಡಂದಲೆಯ ಕೆ. ಕೃಷ್ಣರಾಯರು ಅಲ್ಲಿ ಚಾಕರಿಯಿಂದ ಶುರುಮಾಡಿ, 1930ರ ದಶಕದ ಕೊನೆಗೆ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕಥೆ ಹೋಟೆಲು ಬಲ್ಲವರಿಗೆಲ್ಲ ಗೊತ್ತು. ಹೆಸರಿಲ್ಲದೆ ಉಳಿದವರು ಉಡುಪಿ ಹೋಟೆಲುಗಳಲ್ಲಿ ರುಬ್ಬಿದ, ಬಡಿಸಿದ, ಲೋಟ ತೊಳೆದ ಹುಡುಗರು. ಊಟ, ನಿದ್ದೆ ಹೋಟೆಲಿನಲ್ಲೇ ಮುಗಿಯುತ್ತಿದ್ದುದರಿಂದ ಸಂಬಳದ ಬಹುಪಾಲು ಮನಿಯಾರ್ಡರ್ ಆಗಿ ಊರು ಸೇರುತ್ತಿತ್ತು. ಅಂಚೆಯವನು ಜಗಲಿಯಲ್ಲಿ ನೋಟೆಣಿಸಿ, ಫಾರಂನ ಕೂಪನ್ನಿನಲ್ಲಿದ್ದ ಎರಡು ಸಾಲು ಓದಿ ಹೇಳಿ, ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಿದ್ದ. ಮಗ ಎಷ್ಟು ಕಳಿಸಿದ ಎಂಬುದು ಕೇರಿಗೆಲ್ಲ ತಿಳಿಯುತ್ತಿತ್ತು, ಸಾಲ ಕೊಟ್ಟವನಿಗೂ.

ಈಗ ಚೆನ್ನೈನ ದೋಸೆಕಲ್ಲಿನ ಮುಂದೆ ನಿಂತಿರುವವನು ಒಡಿಶಾದವನೋ ಅಸ್ಸಾಮಿನವನೋ ಆಗಿರುತ್ತಾನೆ. ಶ್ರೀಪೆರಂಬುದೂರಿನ ಕಾರ್ಖಾನೆಗಳಲ್ಲಿ, ಮೆಟ್ರೊ ಕಾಮಗಾರಿಯಲ್ಲಿ ಬಿಹಾರ, ಜಾರ್ಖಂಡ್, ಬಂಗಾಳದವರು. ತಾವು ಅರ್ಧ ಹೊಟ್ಟೆ ತಿಂದಾದರೂ ಇವರು ಮನೆಗೆ ಕಳಿಸುವುದೇಕೆ? ಪ್ರೀತಿ ಎನ್ನುವುದು ಅರ್ಧ ಉತ್ತರ. ರಾಬರ್ಟ್ ಲ್ಯೂಕಸ್ ಮತ್ತು ಓಡೆಡ್ ಸ್ಟಾರ್ಕ್ ಎಂಬ ಅರ್ಥಶಾಸ್ತ್ರಜ್ಞರು ಬೋಟ್ಸ್ವಾನಾದ ಕುಟುಂಬಗಳ ಲೆಕ್ಕ ನೋಡಿ 1985ರಲ್ಲಿ ಪ್ರಕಟಿಸಿದ ಅಧ್ಯಯನ ಉಳಿದರ್ಧ ಹೇಳುತ್ತದೆ: ವಲಸೆ ಹೋದವನಿಗೂ ಮನೆಗೂ ಬರೆಯದ ಕರಾರೊಂದಿರುತ್ತದೆ. ಬರ ಬಂದಾಗ ಅವನು ಮನೆಯನ್ನು ಕಾಯುತ್ತಾನೆ. ಅವನ ಕೆಲಸ ಹೋದಾಗ ಮನೆ ಅವನನ್ನು ಕಾಯುತ್ತದೆ. ಆಸ್ತಿಯಲ್ಲಿ ಪಾಲು, ಊರಲ್ಲಿ ಮರ್ಯಾದೆ, ಹಿಂದಿರುಗುವ ದಿನಕ್ಕೊಂದು ನೆಲೆ, ಎಲ್ಲ ಅದರಲ್ಲೇ ಸೇರಿವೆ. 2020ರ ಲಾಕ್‌ಡೌನಿನಲ್ಲಿ ಈ ಕರಾರಿನ ಎರಡನೆಯ ಭಾಗ ಕೆಲಸಕ್ಕೆ ಬಂತು. ನಗರದಲ್ಲಿ ಸಿಕ್ಕಿಬಿದ್ದ ಎಷ್ಟೋ ಮಂದಿಗೆ ಊರಿನವರೇ ಸಾಲ ಮಾಡಿ ದುಡ್ಡು ಕಳಿಸಿದರು.

ಇನ್ನೊಂದು ಬಗೆಯಲ್ಲಿ ದುಡ್ಡು ಮೊದಲು ಮನೆಗೆ ಹೋಗುತ್ತದೆ, ಆಳು ಆಮೇಲೆ ಹೊರಡುತ್ತಾನೆ. ಪಶ್ಚಿಮ ಒಡಿಶಾದ ಬಲಾಂಗೀರ್, ನುವಾಪಡಾ ಕಡೆ ಇದಕ್ಕೆ ‘ದಾದನ್’ ಎನ್ನುತ್ತಾರೆ. ನುವಾಖಾಯಿ ಹಬ್ಬ ಮುಗಿದ ಹೊತ್ತಿಗೆ ದಲ್ಲಾಳಿ ಮುಂಗಡ ಎಣಿಸುತ್ತಾನೆ. ಅದು ಹಳೆ ಸಾಲಕ್ಕೋ ಮದುವೆಗೋ ಕರಗುತ್ತದೆ. ಬಳಿಕ ಇಡೀ ಕುಟುಂಬ ಇಟ್ಟಿಗೆ ಗೂಡಿಗೆ ಹೊರಡುತ್ತದೆ. ಹಾಗೆ ಬಂದವರನ್ನು ಚೆನ್ನೈ ಪಕ್ಕದ ತಿರುವಳ್ಳೂರಿನ ಗೂಡುಗಳಿಂದ ಅಧಿಕಾರಿಗಳು ಜೀತಮುಕ್ತಿ ಮಾಡಿಸಿದ್ದೂ ಉಂಟು. ಹೊರಗಿನಿಂದ ನೋಡಿದರೆ ಇದೂ ಮನೆಗೆ ಹೋದ ದುಡ್ಡೇ. ಆದರೆ ನನ್ನ ಮಟ್ಟಿಗೆ ಇದನ್ನು ಆ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ.

ಕೈಯಲ್ಲಿ ಸಂಬಳ ಇರುವವನು ಏನು ಮಾಡುತ್ತಾನೆ? ಖಾತೆಯೂ ಮೊಬೈಲೂ ಇದ್ದರೆ ಯುಪಿಐ, ಖರ್ಚಿಲ್ಲ. ಕೂಲಿ ನಗದಿನಲ್ಲಿ ಬಂದರೆ ರೀಚಾರ್ಜ್ ಅಂಗಡಿಯೇ ಬ್ಯಾಂಕು. ಅಂಗಡಿಯವನು ಒಂದು ಹಣ ರವಾನೆ ಕಂಪನಿಯಲ್ಲಿ ಮುಂಚೆಯೇ ಹಣ ತುಂಬಿಟ್ಟಿರುತ್ತಾನೆ. ನಿಮ್ಮ ನೋಟು ಅವನ ಗಲ್ಲಾಪೆಟ್ಟಿಗೆಗೆ, ಅವನ ಬ್ಯಾಲೆನ್ಸು ಐಎಂಪಿಎಸ್ ಎಂಬ ತಕ್ಷಣದ ಪಾವತಿ ಜಾಲದ ಮೂಲಕ ನಿಮ್ಮ ಮನೆಯ ಖಾತೆಗೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಒಂದು ಸಲಕ್ಕೆ 5,000, ತಿಂಗಳಿಗೆ 25,000 ರೂಪಾಯಿ ಮಿತಿ. ಹಾಗಾಗಿ 12,000 ಕಳಿಸಲು ಮೂರು ಕಂತು ಬೇಕು. ಶುಲ್ಕ ಸಾಮಾನ್ಯವಾಗಿ ನೂರಕ್ಕೆ ಒಂದರ ಆಸುಪಾಸು, ಅಂದರೆ 120 ರೂಪಾಯಿ. ಮನಿಯಾರ್ಡರಿಗೆ ಇಪ್ಪತ್ತು ರೂಪಾಯಿಗೊಂದರಂತೆ 600 ಆಗುತ್ತದೆ. 2024ರ ನವೆಂಬರ್‌ನಿಂದ ನಿಯಮ ಬಿಗಿಯಾಗಿದೆ: ಕಳಿಸುವವನ ಗುರುತಿನ ದಾಖಲೆ ನೋಂದಣಿಯಾಗಬೇಕು, ಪ್ರತಿ ಸಲವೂ ಓಟಿಪಿಯಂಥ ದೃಢೀಕರಣ ಬೇಕು. ವಂಚನೆ ತಡೆಯಲು ಒಳ್ಳೆಯದೇ. ಆದರೆ ಊರಿಂದ ಬಂದ ಮೇಲೆ ಸಿಮ್ ಬದಲಿಸಿದವನಿಗೆ ತಲೆನೋವು.

ಇಷ್ಟೆಲ್ಲಾ ಕಳಿಸುವ ಕಡೆಯ ಮಾತು. ಕುಟುಂಬದ ಪಾಡು ನಿಜವಾಗಿ ಬದಲಾಗುವುದು ಪಡೆಯುವ ಕಡೆಯಲ್ಲಿ. ಹಣದ ಬಹುಪಾಲು ಅಕ್ಕಿ, ಔಷಧ, ಸಾಲದ ಬಡ್ಡಿಗೇ ಹೋಗುತ್ತದೆ. ಉಳಿದರೆ ಶಾಲೆ, ಮನೆಯ ಮಾಡು. ಉತ್ಪಾದಕ ಹೂಡಿಕೆ ಆಗುತ್ತಿಲ್ಲ ಎಂದು ಗೊಣಗುವವರಿದ್ದಾರೆ; ಬಡ್ಡಿ ತೀರಿಸುವುದಕ್ಕಿಂತ ಲಾಭದ ಹೂಡಿಕೆ ಬಡವನಿಗೆ ಯಾವುದಿದೆಯೋ ಕಾಣೆ. ಖಾತೆ ಯಾರ ಹೆಸರಲ್ಲಿದೆ ಎಂಬುದು ದೊಡ್ಡ ಪ್ರಶ್ನೆ. ಅದು ಮಾವನದ್ದೋ ಮೈದುನನದ್ದೋ ಆದರೆ, ಗದ್ದೆ, ದನ, ಮಕ್ಕಳನ್ನು ಒಬ್ಬಳೇ ನೋಡಿಕೊಳ್ಳುವ ಹೆಂಡತಿ ಮಾತ್ರೆಗೂ ಕೈಚಾಚಬೇಕು. 2014ರಲ್ಲಿ ಜನಧನ ಶುರುವಾದ ಮೇಲೆ ಹೆಂಗಸರ ಹೆಸರಿನ ಖಾತೆಗಳು ಹೆಚ್ಚಿವೆ. ಆದರೂ ಹಳ್ಳಿಯಲ್ಲಿ ಹಣ ತೆಗೆಯಲು ಬ್ಯಾಂಕ್ ಮಿತ್ರನ ಯಂತ್ರಕ್ಕೆ ಬೆರಳೊತ್ತಬೇಕು, ಗದ್ದೆಗೆಲಸದಲ್ಲಿ ಸವೆದ ಬೆರಳನ್ನು ಯಂತ್ರ ಒಪ್ಪಬೇಕು.

ಹಣ ನಡುದಾರಿಯಲ್ಲಿ ಸಿಕ್ಕಿಬಿದ್ದರೆ? ನಿಮ್ಮ ಖಾತೆಯಿಂದ ಐಎಂಪಿಎಸ್, ಯುಪಿಐ ಮೂಲಕ ಹೋಗಿ ಅತ್ತ ಜಮೆಯಾಗದ ಹಣ ಮರುದಿನದೊಳಗೆ ವಾಪಸಾಗಬೇಕು. ತಡವಾದರೆ ಬ್ಯಾಂಕು ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2019ರಲ್ಲೇ ಹೇಳಿದೆ. ಬ್ಯಾಂಕು ಕೇಳದಿದ್ದರೆ ರಿಸರ್ವ್ ಬ್ಯಾಂಕಿನ 14448 ಸಂಖ್ಯೆಗೆ ಕರೆ ಮಾಡಿ ದೂರಿನ ದಾರಿ ಕೇಳಬಹುದು. ಅಂಗಡಿಯಲ್ಲಿ ಕಳಿಸಿದ್ದಾದರೆ ವಾಪಸು ಬರುವುದು ಅಂಗಡಿಯವನ ಬ್ಯಾಲೆನ್ಸಿಗೆ. ನಿಮ್ಮ ಮೊಬೈಲಿಗೆ ಬಂದ ಓಟಿಪಿ ತೋರಿಸಿ ನಗದು ಕೈಗೆ ಪಡೆಯಬೇಕು, ನಗದು ಎಣಿಸಿಕೊಳ್ಳುವ ಮುನ್ನ ಓಟಿಪಿ ಹೇಳಬಾರದು. ವ್ಯವಹಾರ ಸಂಖ್ಯೆಯಿರುವ ರಸೀದಿಯನ್ನು ಅಂಗಡಿಯವನು ತಾನಾಗಿ ಕೊಡುವುದು ಅಪರೂಪ. ಮೂರು ಕಂತಿಗೆ ಮೂರು ರಸೀದಿ ಕೇಳಿ ಪಡೆದು, ಊರಿಂದ ‘ಬಂತು’ ಎಂಬ ಫೋನು ಬರುವ ತನಕ ಜೇಬಿನಲ್ಲಿಟ್ಟುಕೊಳ್ಳಬೇಕು.