ಉಗ್ರಾಣದ ಲೆಕ್ಕವೂ ಗಣಕಯಂತ್ರದ ಲೆಕ್ಕವೂ

2024ರ ಗಣೇಶ ಚತುರ್ಥಿಯ ಮುನ್ನಾದಿನದ ರಾತ್ರಿ ನಮ್ಮ ಕಾರ್ಯಾಲಯದಲ್ಲಿ ನಡೆದ ಪ್ರಸಂಗವೊಂದನ್ನು ವಾಚಕ ಮಹಾಶಯರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ. ಹನ್ನೆರಡು ಪುಟಗಳ ವಿಶೇಷ ಸಂಚಿಕೆ ಸಿದ್ಧವಾಗುತ್ತಿತ್ತು. ಹನ್ನೊಂದು ಗಂಟೆಯ ಸುಮಾರಿಗೆ ಪುಟಗಳನ್ನೆಲ್ಲ ಹೊತ್ತಿದ್ದ ಗಣಕಯಂತ್ರವು ಸ್ತಬ್ಧವಾಯಿತು. ಬೆಳಗಾದಾಗ ಹೊರಬಂದದ್ದು ನಾಲ್ಕೇ ಪುಟಗಳ ಪತ್ರಿಕೆ. ತಂದೆಯವರ ಪುಣ್ಯತಿಥಿಯ ಶ್ರದ್ಧಾಂಜಲಿಯನ್ನು ಅದೇ ದಿನಕ್ಕೆಂದು ಕೊಟ್ಟಿದ್ದ ಡೊಂಬಿವಿಲಿಯ ಬಂಧುವೊಬ್ಬರು ಕಾರ್ಯಾಲಯಕ್ಕೆ ಬಂದು, ಕೋಪಿಸದೆ, ಪತ್ರಿಕೆಯನ್ನು ಮೇಜಿನ ಮೇಲಿರಿಸಿ ಮೌನವಾಗಿ ಹೊರಟುಹೋದರು. ಆ ಮೌನವು ನಮ್ಮನ್ನು ಇಂದಿಗೂ ಬಾಧಿಸುತ್ತಿದೆ.

ಕಾರಣವೇನೆಂದು ವಿಚಾರಿಸಿದೆವು. ನಮ್ಮ ಪುಟಗಳ ಯಂತ್ರವು ಪ್ರತ್ಯೇಕವಾದ ಪೆಟ್ಟಿಗೆಯಲ್ಲ. ಒಂದು ದೊಡ್ಡ ಸರ್ವರಿನೊಳಗೆ ನೆಲಸಿರುವ ಹಲವು ವರ್ಚುಯಲ್ ಯಂತ್ರಗಳಲ್ಲಿ ಒಂದು. ಅದರ ಡಿಸ್ಕ್ ಎಂಬುದೂ ಆ ಸರ್ವರಿನ ಉಗ್ರಾಣದಲ್ಲಿರುವ ಒಂದು ದೊಡ್ಡ ಕಡತವೇ. ಒಂದು ತಿಂಗಳ ಹಿಂದೆ ಹೊಸ ತಂತ್ರಾಂಶವನ್ನು ಅಳವಡಿಸಲು ಬಂದವರು, ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲೆಂದು, ಆ ಡಿಸ್ಕಿನ ಸ್ನ್ಯಾಪ್‌ಶಾಟ್ ತೆಗೆದಿದ್ದರು. ಕೆಲಸ ಸುಸೂತ್ರವಾಯಿತು, ಸ್ನ್ಯಾಪ್‌ಶಾಟನ್ನು ಅಳಿಸಲು ಮರೆತರು. ಅದು ದಿನದಿನಕ್ಕೂ ಬೆಳೆದು, ಉಗ್ರಾಣದಲ್ಲಿ ಬರಿದಾಗಿದ್ದ 100 ಗಿಗಾಬೈಟ್ ಜಾಗವನ್ನೆಲ್ಲ ನುಂಗಿಬಿಟ್ಟಿತ್ತು. ತಪ್ಪು ಅವರೊಬ್ಬರದೇ ಅಲ್ಲ. ಹದಿನೆಂಟು ವರ್ಷ ಹೋಟೆಲಿನ ಉಗ್ರಾಣದಲ್ಲಿ ಅಕ್ಕಿ ಮೂಟೆಗಳನ್ನು ಎಣಿಸಿದ ನಾವು, "ಇದಕ್ಕೆ ಜಾಗವೆಷ್ಟು ಬೇಕು?" ಎಂದು ಒಂದು ಮಾತು ಕೇಳಲಿಲ್ಲವಲ್ಲ!

ಸ್ನ್ಯಾಪ್‌ಶಾಟ್ ಎಂದೊಡನೆ ಇಡೀ ಡಿಸ್ಕಿನ ಪ್ರತಿಯೆಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಅಂಗಡಿಯ ದೊಡ್ಡ ಖಾತೆ ಪುಸ್ತಕವನ್ನು ಇಂದಿಗೆ ಮುಚ್ಚಿ, ನಾಳೆಯಿಂದಾಗುವ ಬದಲಾವಣೆಗಳನ್ನೆಲ್ಲ ಇನ್ನೊಂದು ಪುಸ್ತಕದಲ್ಲಿ ಬರೆದಂತೆ ಅದು. ವಿಎಂವೇರ್ ಮೊದಲಾದ ವ್ಯವಸ್ಥೆಗಳ ಸಾಮಾನ್ಯ ಕ್ರಮವಿದು. ಲಿನಕ್ಸಿನ ಎಲ್‌ವಿಎಂನ ಹಳೆಯ ಪದ್ಧತಿಯಲ್ಲಿ ಮೂಲ ಪುಟವನ್ನು ತಿದ್ದುವ ಮುನ್ನ ಅದರ ಹಳೆಯ ರೂಪವನ್ನು ಪಕ್ಕದ ಪುಸ್ತಕಕ್ಕೆ ನಕಲು ಮಾಡುತ್ತಾರೆ. ಆ ಪುಸ್ತಕ ತುಂಬಿದರೆ ಸ್ನ್ಯಾಪ್‌ಶಾಟೇ ನಿರುಪಯುಕ್ತವಾಗುತ್ತದೆ. ಯಾವ ಕ್ರಮವಾದರೂ ತತ್ತ್ವ ಒಂದೇ: ಬೇಕಾಗುವ ಜಾಗವು ಡಿಸ್ಕಿನ ಗಾತ್ರವನ್ನಲ್ಲ, ಎಷ್ಟು ಪುಟಗಳು ಬದಲಾದವು, ಎಷ್ಟು ದಿನ ಇಟ್ಟುಕೊಂಡೆವು ಎಂಬುದನ್ನು ಅವಲಂಬಿಸಿದೆ. ಒಂದೇ ಪುಟವನ್ನು ಹತ್ತು ಸಲ ತಿದ್ದಿದರೂ ಒಂದೇ ಪುಟದ ಜಾಗ ಸಾಕು. ಆದರೆ ನಡುವೆ ಇನ್ನೊಂದು ಸ್ನ್ಯಾಪ್‌ಶಾಟ್ ತೆಗೆದರೆ ಲೆಕ್ಕ ಹೊಸದಾಗಿ ಆರಂಭವಾಗುತ್ತದೆ. ಕಡತಗಳನ್ನು ಅಳಿಸಿದರೆ ಜಾಗ ಉಳಿಯುತ್ತದೆಂಬುದೂ ಇಲ್ಲಿ ಭ್ರಮೆಯೇ. ಅಳಿಸುವುದೂ ಒಂದು ಬದಲಾವಣೆಯಷ್ಟೆ.

ನಮ್ಮ ಹಳೆಯ ಹೋಟೆಲಿನ ಗಲ್ಲಾದಲ್ಲಿ ಕುಳಿತಿರುತ್ತಿದ್ದವರ ಮಗನು ಈಗ ನವಿಮುಂಬಯಿಯ ಕಂಪೆನಿಯೊಂದರಲ್ಲಿ ಇದೇ ಉದ್ಯೋಗದಲ್ಲಿದ್ದಾನೆ. ಲೆಕ್ಕ ಹಾಕುವ ಬಗೆಯನ್ನು ಕೇಳಿದಾಗ ಅವನೇ ಮರುಪ್ರಶ್ನೆ ಹಾಕಿದ: "ಮಾಮ, ಇಡ್ಲಿ ಹಿಟ್ಟಿಗೆ ಅಕ್ಕಿ ನೆನೆಹಾಕುವಾಗ ನೀವು ಯಾವ ದಿನದ ಗಿರಾಕಿಯನ್ನು ನೋಡುತ್ತಿದ್ದಿರಿ?"

"ಭಾನುವಾರದ್ದು" ಎಂದೆವು.

"ಹಾಗಾದರೆ ಇದಕ್ಕೂ ಭಾನುವಾರವನ್ನೇ ನೋಡಿ."

ಅವನ ಸಲಹೆಯಂತೆ ಒಂದು ವಾರ ಪ್ರತಿದಿನವೂ ಸ್ನ್ಯಾಪ್‌ಶಾಟ್ ತೆಗೆದು, ಇಪ್ಪತ್ತನಾಲ್ಕು ಗಂಟೆಗಳ ಬಳಿಕ ಅದರ ಕಡತದ ಗಾತ್ರವನ್ನು ಬರೆದುಕೊಂಡು ಅಳಿಸಿದೆವು. ಸಾಮಾನ್ಯ ದಿನಗಳಲ್ಲಿ ಬದಲಾವಣೆ 4 ಗಿಗಾಬೈಟ್. ಭಾನುವಾರದ ಪುರವಣಿ ಸಿದ್ಧವಾಗುವ ಶನಿವಾರ 9. ಸರಾಸರಿಯನ್ನು ನಂಬದೆ 9ನ್ನೇ ಹಿಡಿದೆವು. ಮೂರು ದಿನಕ್ಕೆ 27. ಚಾಲನೆಯಲ್ಲಿರುವಾಗಲೇ ಯಂತ್ರದ ಸ್ಮೃತಿಯನ್ನೂ ಸೇರಿಸಿ ಉಳಿಸುವುದಾದರೆ ಆ ಸ್ಮೃತಿಯಷ್ಟೇ ಜಾಗ ಮತ್ತೆ ಬೇಕು, ನಮ್ಮದು 16. ಕೂಡಿದರೆ 43. ಅನಿರೀಕ್ಷಿತಕ್ಕೆಂದು ಕಾಲುಭಾಗ ಸೇರಿಸಿದರೆ ಸುಮಾರು 54 ಗಿಗಾಬೈಟ್. ಒಂದೇ ಉಗ್ರಾಣದಲ್ಲಿ ಹಲವು ಯಂತ್ರಗಳಿದ್ದರೆ ಪ್ರತಿಯೊಂದಕ್ಕೂ ಹೀಗೆಯೇ ಲೆಕ್ಕ ಹಾಕಿ ಒಟ್ಟುಗೂಡಿಸಬೇಕು.

ಇದು ನಿಯಮದಂತೆ ನಡೆದರೆ ಬರುವ ಲೆಕ್ಕ. ಮರೆತರೆ? ಒಂದು ಸ್ನ್ಯಾಪ್‌ಶಾಟ್ ಬೆಳೆದು ಬೆಳೆದು ಮೂಲ ಡಿಸ್ಕಿನಷ್ಟೇ ಆಗಬಲ್ಲುದು. ನಮ್ಮ ಡಿಸ್ಕ್ 200 ಗಿಗಾಬೈಟಿನದು. ಒಂದರ ಮೇಲೊಂದು ಮೂರು ತೆಗೆದು ಹಾಗೆಯೇ ಬಿಟ್ಟರೆ, ಮೂಲದ 200 ಅಲ್ಲದೆ ಇನ್ನೂ 600 ಗಿಗಾಬೈಟ್ ಬೇಡುವ ದಿನ ಬರಬಹುದು. ಇದನ್ನರಿತೇ ವಿಎಂವೇರ್ ಸಂಸ್ಥೆಯು, ಒಂದು ಸರಪಳಿಯಲ್ಲಿ 32 ಸ್ನ್ಯಾಪ್‌ಶಾಟುಗಳ ವರೆಗೆ ಅವಕಾಶವಿದ್ದರೂ ಎರಡು ಮೂರಕ್ಕಿಂತ ಹೆಚ್ಚು ಬೇಡವೆಂದೂ, ಒಂದನ್ನು 72 ಗಂಟೆಗಳಿಗಿಂತ ಹೆಚ್ಚು ಕಾಲ ಇಡಬಾರದೆಂದೂ ಸಲಹೆಯಿತ್ತಿದೆ. ಅಳಿಸುವುದಕ್ಕೂ ಜಾಗ ಬೇಕಾದೀತೆಂಬುದು ನೆನಪಿರಲಿ: ಪಕ್ಕದ ಪುಸ್ತಕದ ಬರಹವನ್ನು ಮೂಲಕ್ಕೆ ಸೇರಿಸುವಾಗ ಮೂಲವೂ ಹಿಗ್ಗಬಹುದು. ಆದುದರಿಂದ ಉಗ್ರಾಣ ಕಂಠಮಟ್ಟ ತುಂಬುವವರೆಗೆ ಕಾಯುವುದು ಅವಿವೇಕ.

ಇನ್ನೊಂದು ಮಾತು. ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ. ಮೂಲ ಪುಸ್ತಕವೇ ಸುಟ್ಟುಹೋದರೆ ತಿದ್ದುಪಡಿಗಳ ಪುಸ್ತಕವೊಂದನ್ನೇ ಹಿಡಿದು ಯಾವ ಸಾಲವನ್ನು ವಸೂಲು ಮಾಡಲಾದೀತು? ಪೂರ್ಣ ಪ್ರತಿಯೊಂದು ಬೇರೆ ಸ್ಥಳದಲ್ಲಿ ಇರಲೇಬೇಕು.

ಹೋಟೆಲಿನ ಬಿಲ್ಲಿನ ಲೆಕ್ಕವನ್ನೂ, ಸಂಘದ ಸದಸ್ಯರ ಪಟ್ಟಿಯನ್ನೂ, ಸಹಕಾರಿ ಸೊಸೈಟಿಯ ಠೇವಣಿಗಳನ್ನೂ ಇಂಥ ಯಂತ್ರಗಳಿಗೆ ಒಪ್ಪಿಸಿರುವ ನಮ್ಮ ಬಾಂಧವರು ಈ ನಗರದಲ್ಲಿ ಅನೇಕರಿದ್ದಾರೆ. ಅವರಲ್ಲಿ ನಮ್ಮ ವಿನಂತಿ ಇಷ್ಟೇ: ದುರಸ್ತಿಗೆ ಬಂದವರನ್ನು "ಸ್ನ್ಯಾಪ್‌ಶಾಟ್ ತೆಗೆದಿರಾ, ಎಷ್ಟು ಜಾಗ ಹಿಡಿಯುತ್ತದೆ, ಎಂದು ಅಳಿಸುತ್ತೀರಿ?" ಎಂದು ಕೇಳದೆ ಕಳುಹಿಸಬೇಡಿ. ನಮ್ಮ ಕಾರ್ಯಾಲಯದ ಗೋಡೆಯ ಪಂಚಾಂಗದಲ್ಲಿ ಈಗ ಪ್ರತಿಯೊಂದು ಸ್ನ್ಯಾಪ್‌ಶಾಟನ್ನು ಅಳಿಸಬೇಕಾದ ತಾರೀಖನ್ನೂ ಅಳಿಸಬೇಕಾದವರ ಹೆಸರನ್ನೂ ಕೆಂಪು ಶಾಯಿಯಲ್ಲಿ ಬರೆದಿಡುತ್ತೇವೆ. ಡೊಂಬಿವಿಲಿಯ ಬಂಧುಗಳ ಶ್ರದ್ಧಾಂಜಲಿಯನ್ನು ಮರುದಿನ ಪ್ರಕಟಿಸಿದೆವು, ಹಣವನ್ನೂ ಹಿಂತಿರುಗಿಸಿದೆವು. ತಪ್ಪಿಹೋದ ತಿಥಿಯನ್ನು ಮಾತ್ರ ಹಿಂತಿರುಗಿಸಲಾಗಲಿಲ್ಲ.