ತೈವಾನಿನ ಹಸಿರು ಊಲಾಂಗ್ ಚಹವೂ ಅದರ ಪರೀಕ್ಷೆಯೂ

ಚಹವೆಂದೊಡನೆ ಹಾಲು ಸಕ್ಕರೆಗಳನ್ನು ಬೆರೆಸಿ ಕಾಯಿಸಿದ ಪಾನೀಯವೇ ನಮ್ಮ ಗ್ರಾಮಸ್ಥರ ನೆನಪಿಗೆ ಬರುವುದು ಸಹಜ. ತೈವಾನ್ ದ್ವೀಪದಲ್ಲಾದರೋ, ಇವೆರಡರ ಸೋಂಕೂ ಇಲ್ಲದೆ ನಸುಸಿಹಿಯಾಗಿಯೂ, ಹಾಲಿನ ಕೆನೆಯನ್ನು ನೆನಪಿಸುವ ಕಂಪುಳ್ಳದ್ದಾಗಿಯೂ ಇರುವ ಚಹವೊಂದು ಬಳಕೆಯಲ್ಲಿದೆ. ಅದರ ಹೆಸರು ಜಿನ್ ಶ್ವಾನ್. ಅಲ್ಲಿಯ ಸರ್ಕಾರಿ ಚಹ ಪ್ರಯೋಗಕ್ಷೇತ್ರದವರು ಎರಡು ತಳಿಗಳನ್ನು ಸಂಕರಮಾಡಿ ಪಡೆದ ಈ ಗಿಡವನ್ನು 12ನೆಯ ಅಂಕದ ತಳಿಯೆಂದು 1981ರಲ್ಲಿ ಬೆಳೆಗಾರರ ಕೈಗಿತ್ತರು. ಹಳೆಯ ಚಿಂಗ್ ಶಿನ್ ತಳಿಗಿಂತ ಇದು ಗಟ್ಟಿಮುಟ್ಟಾದುದು, ಇಳುವರಿಯೂ ಹೆಚ್ಚು.

ಆದರೆ ತಳಿಯೊಂದರಿಂದಲೇ ಕಂಪು ಬಾರದು. ಕೊಯ್ದ ಎಲೆಯನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಹರವಿ ಬಾಡಿಸಿ, ಅನಂತರ ನೆರಳಿನಲ್ಲಿ ಬಿದಿರಿನ ತಟ್ಟೆಗಳ ಮೇಲಿಟ್ಟು ಆಗಾಗ ಕೈಯಾಡಿಸುವರು. ಇದರಿಂದ ಎಲೆಯ ಅಂಚು ನಲುಗಿ ನಸುಗೆಂಪಾಗುವುದು; ನಡುಭಾಗವು ಹಸಿರಾಗಿಯೇ ಉಳಿಯುವುದು. ಕಂಪೇರಿದ ಗಳಿಗೆಯನ್ನು ಮೂಗಿನಿಂದಲೇ ಅರಿತು, ಕೂಡಲೆ ಎಲೆಯನ್ನು ಹುರಿದು ಆ ಬದಲಾವಣೆಯನ್ನು ನಿಲ್ಲಿಸತಕ್ಕದ್ದು. ಅವಸರಪಟ್ಟರೆ ಹಸಿ ಹುಲ್ಲಿನ ವಾಸನೆ ಉಳಿಯುವುದು. ತಡಮಾಡಿದರೆ ಹಸಿರು ಗುಣವೇ ಕೆಡುವುದು. ಇಡೀ ಕೆಲಸದಲ್ಲಿ ಕಠಿಣವಾದುದು ಇದೇ. ಬಳಿಕ ಎಲೆಯನ್ನು ಬಟ್ಟೆಯಲ್ಲಿ ಬಿಗಿದು ಮತ್ತೆ ಮತ್ತೆ ಹೊರಳಿಸಿ, ಗುಂಡಾಗಿಸಿ ಒಣಗಿಸುವರು.

ಮನೆಯಲ್ಲಿ ಕುಡಿಯಲು 5 ಗ್ರಾಂ ಎಲೆಗೆ 120 ಮಿಲಿಲೀಟರು ನೀರು ಸಾಕು. ಕುದಿ ಬಂದ ನೀರನ್ನು ಕ್ಷಣಕಾಲ ಇಳಿಸಿಟ್ಟು ಎಲೆಯ ಮೇಲೆ ಹೊಯ್ದು, ಸುಮಾರು ಒಂದು ನಿಮಿಷದ ಮೇಲೆ ಹನಿ ಉಳಿಯದಂತೆ ಬಸಿಯಬೇಕು. ಗುಂಡುಗಳು ಅರಳಿರುವುದರಿಂದ ಎರಡನೆಯ ಸಲ ಇನ್ನೂ ಕಡಿಮೆ ಹೊತ್ತು ಸಾಕು; ಆಮೇಲೆ ಸಲಸಲಕ್ಕೂ ಹೆಚ್ಚಿಸುತ್ತ ಹೋಗಬಹುದು. ಒಂದೇ ಎಲೆಯಿಂದ ನಾಲ್ಕೈದು ಬಾರಿ ಪಾನೀಯ ದೊರೆಯುವುದು. ಎಲೆಯನ್ನು ಒಲೆಯ ಮೇಲೆ ಕುದಿಸಲೇಬಾರದು.

ಸ್ಪರ್ಧೆಗಳಲ್ಲಿ ಪರೀಕ್ಷಕರು ಇಷ್ಟು ಕರುಣೆ ತೋರಿಸುವುದಿಲ್ಲ. 3 ಗ್ರಾಂ ಎಲೆಗೆ 150 ಮಿಲಿಲೀಟರು ಕುದಿಯುವ ನೀರನ್ನು ಹೊಯ್ದು ಐದಾರು ನಿಮಿಷ ಬಿಡುವರು. ಆಗ ಒಗರು, ಸುಟ್ಟ ವಾಸನೆ, ಹಸಿತನ ಯಾವುದೂ ಅಡಗಿರಲಾರದು. ರಸವನ್ನು ಸವಿದ ಮೇಲೆ ನೆನೆದ ಎಲೆಯನ್ನೂ ಮೂಸಿ ನೋಡುವರು.

ಈ ಚಹಕ್ಕೆ ಹೆಸರು ಬಂದ ಮೇಲೆ, ಅಗ್ಗದ ಎಲೆಗೆ ಹಾಲಿನ ಕೃತಕ ಸುಗಂಧವನ್ನು ಸೇರಿಸಿ ಮಾರುವುದೂ ರೂಢಿಗೆ ಬಂದಿದೆ. ಇದರಿಂದ ಕೊಳ್ಳುವವನಿಗೆ ಹಣ ನಷ್ಟ, ಶ್ರಮಪಟ್ಟು ಬೆಳೆದವನಿಗೆ ಬೆಲೆ ನಷ್ಟ. ಒಣ ಎಲೆಯೇ ಮಿಠಾಯಿಯಂತೆ ಘಮಘಮಿಸಿ, ಮೂರನೆಯ ಬಟ್ಟಲಿಗೆ ಸಪ್ಪೆಯಾದರೆ ಸಂದೇಹಪಡತಕ್ಕದ್ದು. ನಿಜವಾದುದರ ಕಂಪು ಮೆಲ್ಲನೆಯದು. ಸಿಹಿಯು ನುಂಗಿದ ಮೇಲೆ ಗಂಟಲಿನಲ್ಲಿ ತಿಳಿಯುವುದು. ಇಂತಹ ಎಲೆಯು ಸುತ್ತಣ ವಾಸನೆಯನ್ನು ಬೇಗನೆ ಹೀರಿಕೊಳ್ಳುವುದರಿಂದ, ಗಾಳಿಯಾಡದ ಡಬ್ಬಿಯಲ್ಲಿಟ್ಟು, ಮೆಣಸು ಮಸಾಲೆಗಳಿಂದ ದೂರವಿರಿಸಬೇಕು.