ಇಂಡಿಯ ಹುಡುಗಿಗೆ ಆ 30 ಅಂಕ ಎಲ್ಲಿ ಸಿಗುತ್ತೆ?

ಒಂದು ಚೆಸ್ ಆಟ ಊಹಿಸಿಕೊಳ್ಳಿ. ಒಂದು ಕಡೆ ಇಂಡಿಯ 15 ವರ್ಷದ ಹುಡುಗಿ, ಫಿಡೆ ರೇಟಿಂಗ್ 1500. ಎದುರಿಗೆ ಬೆಂಗಳೂರಿನ ಅನುಭವಿ, 1700. ಬೋರ್ಡ್ ಜೋಡಿಸೋ ಮೊದಲೇ ರೇಟಿಂಗ್ ಸೂತ್ರ ಒಂದು ಅಂದಾಜು ಮಾಡಿರುತ್ತೆ: 200 ಅಂಕ ಅಂತರ ಇದ್ದರೆ ಮೇಲಿನವರಿಗೆ ಸರಾಸರಿ 0.76 ಪಾಯಿಂಟ್, ಕೆಳಗಿನವರಿಗೆ 0.24. ಗೆದ್ದರೆ 1, ಡ್ರಾ ಆದರೆ ಅರ್ಧ, ಸೋತರೆ ಸೊನ್ನೆ.

ಆಟ ಮುಗಿದ ಮೇಲೆ, ನಿಜಕ್ಕೂ ಬಂದ ಪಾಯಿಂಟಿನಲ್ಲಿ ಈ ಅಂದಾಜನ್ನು ಕಳೆದು 'ಕೆ' ಅನ್ನೋ ಸಂಖ್ಯೆಯಿಂದ ಗುಣಿಸ್ತಾರೆ. 18 ದಾಟದ, 2300ರ ಕೆಳಗಿನ ಆಟಗಾರರಿಗೆ ಕೆ 40. ಅಂದರೆ ಹುಡುಗಿ ಗೆದ್ದರೆ 30.4 ಅಂಕ ಏರುತ್ತಾಳೆ, ಡ್ರಾ ಆದರೂ 10.4 ಲಾಭ, ಸೋತರೆ ಹೋಗೋದು ಬರೀ 9.6. ಎದುರಾಳಿಯ ಕೆ 20, ಸೋತರೆ ಅವರಿಗೆ 15.2 ನಷ್ಟ.

ಈ ಸೂತ್ರಕ್ಕೆ ಜಾತಿ ಗೊತ್ತಿಲ್ಲ, ಊರು ಗೊತ್ತಿಲ್ಲ, ದುಡ್ಡು ಗೊತ್ತಿಲ್ಲ. ಇದಕ್ಕಿಂತ ನ್ಯಾಯವಾದದ್ದು ಇನ್ನೇನಿದೆ ಅಂತ ನನಗೂ ಅನಿಸಿತ್ತು. ಆದರೆ ಸೂತ್ರ ಕೆಲಸ ಶುರು ಮಾಡೋದು ಬೋರ್ಡ್ ಮುಂದೆ ಕೂತ ಮೇಲೆ. ಅಲ್ಲಿವರೆಗೆ ತಲುಪೋದು ಹೇಗೆ?

ಮೊದಲ ರೇಟಿಂಗ್ ಬರಬೇಕಾದರೆ 26 ತಿಂಗಳೊಳಗೆ ಕನಿಷ್ಠ 5 ರೇಟೆಡ್ ಆಟಗಾರರ ಎದುರು ಆಡಿರಬೇಕು. 2024ರ ಮಾರ್ಚ್‌ನಿಂದ ಕನಿಷ್ಠ ರೇಟಿಂಗ್ 1000ದಿಂದ 1400ಕ್ಕೆ ಏರಿದೆ. ಅದಕ್ಕಿಂತ ಕೆಳಗಿದ್ದರೆ ಪಟ್ಟಿಯಲ್ಲಿ ಹೆಸರೇ ಇರಲ್ಲ. ಸಿಂದಗಿಯ ಹುಡುಗ ರೇಟಿಂಗ್ ಇಲ್ಲದ ಗೆಳೆಯರನ್ನು ನೂರು ಸಲ ಸೋಲಿಸಿದರೂ ಫಿಡೆ ಲೆಕ್ಕದಲ್ಲಿ ಅದು ಸೊನ್ನೆ.

ಹಾಗಾಗಿ ರೇಟೆಡ್ ಆಟಗಾರರು ಇರೋ ಕಡೆಗೆ ಹೋಗಬೇಕು. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಬಹುದು. ಸಿಂದಗಿ, ಮುದ್ದೇಬಿಹಾಳಕ್ಕೆ ಅದೂ ಇಲ್ಲ, ಬಸ್ಸೇ ಗತಿ. ವಿಜಯಪುರದಿಂದ ಬೆಂಗಳೂರಿಗೆ 500 ಕಿ.ಮೀ.ಗೂ ಹೆಚ್ಚು. ಪ್ರವೇಶ ಶುಲ್ಕ, ರೂಮು, ಊಟ, ಮೇಲೆ ಜೊತೆಗೆ ಬರೋ ಅಪ್ಪನ ನಾಲ್ಕು ದಿನದ ಕೂಲಿ. ಈ ಖರ್ಚು ಯಾವ ಸೂತ್ರದಲ್ಲೂ ಇಲ್ಲ.

ವಿಶ್ವನಾಥನ್ ಆನಂದ್ ಗ್ರ್ಯಾಂಡ್‌ಮಾಸ್ಟರ್ ಆಗಿದ್ದು 1988ರಲ್ಲಿ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್, ಮೈಸೂರಿನ ಎಂ.ಎಸ್. ತೇಜಕುಮಾರ್ ಆ ಪಟ್ಟ ಪಡೆದದ್ದು 2017ರಲ್ಲಿ. ಈ 29 ವರ್ಷ ಬರೀ ಪ್ರತಿಭೆಯ ಅಂತರ ಅಂತ ನಾನು ಒಪ್ಪಲ್ಲ. ಮದ್ರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿದ್ದ ತಾಲ್ ಕ್ಲಬ್‌ನಲ್ಲಿ ಬಾಲಕ ಆನಂದ್‌ಗೆ ಎದುರು ಕೂರೋಕೆ ಬಲವಾದ ಆಟಗಾರರು ಇದ್ದರು.

ಹಾಗಾಗಿ ಕೇಳಬೇಕಾದ್ದು ಇಷ್ಟೇ: ಗೆದ್ದು ಬಂದವರಿಗೆ ಶಾಲು ಹೊದಿಸೋದು ಇರಲಿ, ಈ ನಾಲ್ಕು ಊರುಗಳಲ್ಲಿ ಸರದಿ ಪ್ರಕಾರ ರೇಟೆಡ್ ಟೂರ್ನಿ ನಡೆಸಿ. ಹತ್ತಿಪ್ಪತ್ತು ರೇಟೆಡ್ ಆಟಗಾರರ ಬಸ್ ಚಾರ್ಜು, ವಸತಿ ಕೊಟ್ಟು ಇಲ್ಲಿಗೇ ಕರೆಸಿ. ಆ 30 ಅಂಕವನ್ನ ಹುಡುಗಿ ತಾನೇ ಗೆಲ್ತಾಳೆ.